ಚಟ್ನಿ ಮುಗಿದ ಹೋಟೆಲಿನ ಪೂರ್ವಕಥೆ

ಅರಸೀಕೆರೆಯಲ್ಲಿ ಕಳೆದ ಸೋಮವಾರ ಬೆಳಿಗ್ಗೆ, ಜನ ಇನ್ನೂ ತಿಂಡಿಗೆ ಬರುತ್ತಿರುವಾಗಲೇ, ಬಸ್ ನಿಲ್ದಾಣದ ಹಿಂದಿನ ಬೀದಿಯ ಹೋಟೆಲೊಂದರಲ್ಲಿ ಚಟ್ನಿ ಮುಗಿದುಹೋಯಿತು. ಸಾವುನೋವಿನ ವರದಿಯಾಗಿಲ್ಲ. ವಕೀಲರೊಬ್ಬರು ಇಡ್ಲಿ ತುಂಡನ್ನು ಕೈಯಲ್ಲಿ ಹಿಡಿದುಕೊಂಡೇ ಕೆಲಹೊತ್ತು ಗೋಡೆ ನೋಡಿದರು. ಇಬ್ಬರು ಮೇಷ್ಟ್ರುಗಳು ಮಾತುಕತೆಯ ನಂತರ ಸಾಂಬಾರಿಗೆ ಒಪ್ಪಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಪರಿಸ್ಥಿತಿ ಹತೋಟಿಗೆ ಬಂತು.

ಆ ಹೋಟೆಲಿನ ಮಾಲೀಕ ನನ್ನ ಗೆಳೆಯ. ಅವನಿರುವ ಕಡೆ ಇಂಥದ್ದು ಆಗುತ್ತಲೇ ಇರುತ್ತದೆ. ಪಕ್ಕದಲ್ಲಿ ನಾನಿರುತ್ತೇನೆ ಎಂಬುದಷ್ಟೇ ನನ್ನ ಪಾತ್ರ.

ಗೆಳೆಯ ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹೋಟೆಲ್ ಇಡಬೇಕೆಂಬುದು ಅವನ ಬಹುಕಾಲದ ಆಸೆ. ಆಸೆ ಅವನದಾದರೂ ಅಡುಗೆ ಮಾಡಬೇಕಾದವರು ಅವನ ಹೆಂಡತಿ. ಅವರನ್ನು ನಾನು ಅತ್ತಿಗೆ ಅನ್ನುತ್ತೇನೆ. ಅತ್ತಿಗೆ ಒಪ್ಪದೆ ಹೋಟೆಲ್ ತೆರೆದರೆ ಅದರಲ್ಲಿ ಒಂದು ಬೋರ್ಡು, ಬೋರ್ಡಿನ ಕೆಳಗೆ ನನ್ನ ಗೆಳೆಯ, ಇಷ್ಟೇ ಇರುತ್ತಿತ್ತು. ಆದ್ದರಿಂದ ಎಲ್ಲವೂ ಅವರ ಒಪ್ಪಿಗೆಯ ಮೇಲೆ ನಿಂತಿತ್ತು.

ಪರದೆಯ ಆಚೆ

"ಹೋಟ್ಲು ಅಂದ್ರೆ ಹೆಂಗಿರ್ಬೇಕು ಅಂತ ತೋರಿಸ್ತೀನಿ, ಬನ್ನಿ" ಎಂದು ಗೆಳೆಯ ನನ್ನನ್ನೂ ಅತ್ತಿಗೆಯನ್ನೂ ಹೆದ್ದಾರಿ ಬದಿಯ ಒಂದು ಹೋಟೆಲಿಗೆ ಕರೆದುಕೊಂಡು ಹೋದ. ಅವನ ಬಸ್ಸು ತಿಂಡಿಗೆ ನಿಲ್ಲುತ್ತಿದ್ದ ಜಾಗ ಅದು. ಅಲ್ಲಿನ ಬಿಸಿ ಇಡ್ಲಿ, ಗಟ್ಟಿ ಚಟ್ನಿ, ಮೇಲೊಂದು ತುಪ್ಪದ ದೋಸೆ ಇವುಗಳ ವರ್ಣನೆಯನ್ನು ನಾವು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದೆವು.

ಒಳಗೆ ಹೋದವನೇ ಅಭ್ಯಾಸದಂತೆ ಪರದೆ ಸರಿಸಿ ಹಿಂದಿನ ಕೋಣೆಗೆ ನುಗ್ಗಿದ. ಅಲ್ಲಿದ್ದ ಸಪ್ಲೈಯರ್ ಸಂತೋಷದಿಂದ ಎದ್ದು ನಿಂತ.

"ಬನ್ನಿ ಸಾರ್, ಬನ್ನಿ! ಗಾಡಿ ಎಲ್ ನಿಲ್ಸಿದ್ದೀರಾ?"

"ಗಾಡಿ ಇಲ್ಲಪ್ಪ. ರಿಟೈರ್ಡ್ ಆದೆ."

"ಓಹೋ. ಹಂಗಾದ್ರೆ ಆಚೆ ಕೂತ್ಕೊಳಿ ಸಾರ್. ಇದು ಡ್ರೈವರ್ ಕಂಡಕ್ಟರ್‌ಗೆ."

ಆಚೆ ಕುಳಿತೆವು. ಇಡ್ಲಿ ಬಂತು. ಅದು ಬೆಳಗಿನ ಮೊದಲ ಬಸ್ಸಿನಿಂದಲೂ ಅಲ್ಲೇ ಕಾಯುತ್ತಿದ್ದಂತೆ ಕಂಡಿತು. ಚಟ್ನಿಯ ತಳದಲ್ಲಿ ತಟ್ಟೆ ಸ್ಪಷ್ಟವಾಗಿ ಕಾಣುತ್ತಿತ್ತು. ಗೆಳೆಯ ಒಂದು ತುತ್ತು ತಿಂದು, ಎದ್ದು ಹೊರಗೆ ಹೋಗಿ, ಬೋರ್ಡು ಓದಿ, ಮತ್ತೆ ಬಂದು ಕುಳಿತ.

"ಹೋಟ್ಲು ಅದೇಯ. ತಿಂಡಿ ಬ್ಯಾರೆ ಕೊಡ್ತಾವ್ರೆ ಕಣ್ಲಾ" ಎಂದ ನನಗೆ.

ಅತ್ತಿಗೆ ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ಬ್ಯಾರೆ ಅಲ್ಲ ಕಣ್ರೀ. ಇಷ್ಟು ವರ್ಷ ನಿಮ್ಮ ಪ್ಯಾಸೆಂಜರ್‌ಗಳು ತಿಂದಿದ್ದು ಇದನ್ನೇ. ನೀವು ಹೋಟ್ಲಲ್ಲಿ ಊಟ ಮಾಡೇ ಇಲ್ಲ."

ವಾಪಸ್ ಬರುವಾಗ ಅವರು ತೀರ್ಪು ಕೊಟ್ಟರು. "ಮೊದ್ಲು ನಾಕೂರು ಸುತ್ತಿ ಪ್ಯಾಸೆಂಜರ್ ಥರ ತಿಂದು ಬನ್ನಿ. ಜನ ಯಾವುದಕ್ಕೋಸ್ಕರ ಇನ್ನೊಂದು ಸಲ ಬರ್ತಾರೆ ಅಂತ ತಿಳ್ಕೊಂಡು ಬನ್ನಿ. ಅಲ್ಲೀವರೆಗೂ ಹೋಟ್ಲಿಗೆ ಅಂತ ನಾನು ಸೌಟು ಮುಟ್ಟಲ್ಲ."

ಹೀಗೆ ನಮ್ಮ ವಾರಾಂತ್ಯದ ತಿರುಗಾಟ ಶುರುವಾಯಿತು. ಗೆಳೆಯನದು ಅಧ್ಯಯನ ಪ್ರವಾಸ. ನಾನು ಹಸಿವಾಗುತ್ತಿತ್ತು ಎಂದು ಜೊತೆಗೆ ಹೋದೆ.

ಒಳಗೆ ಜಾಗ ಐತೆ

ಮೊದಲು ಹೋದದ್ದು ಬೇಲೂರಿಗೆ. ದೇವಸ್ಥಾನದ ಬೀದಿಯಿಂದ ಸ್ವಲ್ಪ ಒಳಗೆ, ಮನೆಯ ಮುಂಭಾಗವನ್ನೇ ಹೋಟೆಲ್ ಮಾಡಿಕೊಂಡ ಪುಟ್ಟ ಜಾಗ. ಒಳಗಿಂದ ಬರುತ್ತಿದ್ದ ಒಗ್ಗರಣೆಯ ಘಮಕ್ಕೆ ಪ್ರವಾಸಿಗರು ಬಾಗಿಲ ತುಂಬ ನಿಂತಿದ್ದರು. ಯಾರೂ ಒಳಗೆ ಹೋಗುತ್ತಿಲ್ಲ, ಯಾರೂ ಹೊರಗೆ ಬರುತ್ತಿಲ್ಲ.

ಗೆಳೆಯ ಬಾಗಿಲಿನತ್ತ ನೋಡಿದ. ಅವನ ಕುತ್ತಿಗೆಯ ನರ ಕುಣಿಯುವುದು ಕಾಣಿಸಿತು. "ಬೇಡ ಕಣೋ, ನಾವು ತಿನ್ನಕ್ ಬಂದಿರೋದು" ಎಂದೆ. ಕೇಳಿಸಲಿಲ್ಲ.

"ಮುಂದೆ ನಡೀರಿ, ಮುಂದೆ ನಡೀರಿ! ಒಳಗೆ ಜಾಗ ಐತೆ! ಬಾಗ್ಲಲ್ಲಿ ನಿಂತ್ಕಬ್ಯಾಡಿ! ಅಮ್ಮಾ, ಮಗೀನ ತೊಡೆ ಮೇಲೆ ಕೂರಿಸ್ಕಳಿ. ಸಾರ್, ಕಾಫಿ ಆಯ್ತಲ್ಲ, ಇಳೀರಿ."

ಜನ ಇಳಿದರು. ಜನ ಹತ್ತಿದರು. ಮೂವರ ಬೆಂಚಿನಲ್ಲಿ ಐವರು ಕುಳಿತರು, ಮತ್ತು ಯಾರೂ ಗೊಣಗಲಿಲ್ಲ. ಆ ದನಿಗೆ ನಮ್ಮ ನಾಡಿನಲ್ಲಿ ಎದುರು ಮಾತಾಡುವವರಿಲ್ಲ. ನೋಡನೋಡುತ್ತಿದ್ದಂತೆ ಬಾಗಿಲು ಖಾಲಿಯಾಯಿತು. ಹೋಟೆಲಿನ ಯಜಮಾನರು ಗಲ್ಲಾ ಬಿಟ್ಟು ಬಂದು ಅವನ ಕೈ ಹಿಡಿದು, "ನಾಳೆಯಿಂದ ಬರ್ತೀರಾ ಸ್ವಾಮಿ?" ಎಂದು ಕೇಳಿದರು.

ಆ ಹೊತ್ತಿಗೆ ಅಡುಗೆಮನೆಯ ಪಾತ್ರೆಗಳೆಲ್ಲ ಖಾಲಿಯಾಗಿದ್ದವು. ಸಂಜೆ ಅತ್ತಿಗೆ ಫೋನ್ ಮಾಡಿ, "ಏನ್ ತಿಂದ್ರಿ?" ಎಂದರು.

"ಏನೂ ಇಲ್ಲ ಕಣೇ" ಎಂದ ಗೆಳೆಯ ತೃಪ್ತಿಯಿಂದ. "ಗಾಡಿ ಫುಲ್ ಆಗಿತ್ತು."

ಕಾಫಿ ಸೀಮೆಯಲ್ಲಿ

ಇನ್ನೊಂದು ಭಾನುವಾರ ಅರೇಹಳ್ಳಿಗೆ ಹೋದೆವು. ಅದು ಕಾಫಿ ಬೆಳೆಯುವ ಕಡೆ. ಒಳ್ಳೆಯ ಕಾಫಿ ಎಂದರೆ ಏನೆಂದು ಬುಡದಲ್ಲೇ ನೋಡಿಬಿಡೋಣ ಎಂಬುದು ಗೆಳೆಯನ ವಾದ. ಬಸ್ಸಿಳಿದ ಕಡೆಯೇ ಒಂದು ಹೆಂಚಿನ ಹೋಟೆಲಿತ್ತು. ಎರಡು ಬೆಂಚು, ಬೆಚ್ಚಗಿನ ಒಲೆ, ಹೊರಗೆ ಮಂಜು. ಯಜಮಾನರು ಉಣ್ಣೆಯ ಟೋಪಿ ಹಾಕಿಕೊಂಡು ಕುಳಿತಿದ್ದರು.

"ನಿಮ್ಮದೇ ತೋಟ ಇದೆಯಾ ಯಜಮಾನ್ರೇ?"

"ಇದೆ. ಹಿಂದುಗಡೆ ಕಾಣ್ತಿರೋದು ಅದೇ."

"ಹಂಗಾದ್ರೆ ಎರಡು ಕಾಫಿ ಕೊಡಿ. ಸ್ಟ್ರಾಂಗಾಗಿ."

"ಕಾಫಿ ಇಲ್ಲ. ಟೀ ಐತೆ."

ಗೆಳೆಯ ಕಿಟಕಿಯಾಚೆ ಬೆಟ್ಟದವರೆಗೂ ಹಬ್ಬಿದ್ದ ಕಾಫಿ ಗಿಡಗಳನ್ನು ನೋಡಿದ. ಆಮೇಲೆ ಯಜಮಾನರನ್ನು ನೋಡಿದ.

"ಏನ್ ಸ್ವಾಮಿ ಇದು?"

"ಬೆಳಗ್ಗೆಯಿಂದ ಸಂಜೆವರೆಗೂ ಅದನ್ನೇ ನೋಡ್ತೀವಿ. ಕುಡಿಯೋ ಹೊತ್ತಲ್ಲೂ ಅದೇ ಬೇಕಾ?" ಎಂದರು ಅವರು. "ನೀವು ಎಲ್ಲಿಯೋರು?"

"ಅರಸೀಕೆರೆ."

"ತೆಂಗಿನ ಸೀಮೆ. ನಿಮ್ಮೂರ ಹೋಟ್ಲಲ್ಲಿ ಚಟ್ನಿ ತಿಂದಿದ್ದೀನಿ ಬಿಡಿ. ಬರೀ ಹುರಿಗಡಲೆ."

ಟೀ ಬಹಳ ಚೆನ್ನಾಗಿತ್ತು. ಆದರೆ ಗೆಳೆಯ ದಾರಿಯುದ್ದಕ್ಕೂ ಆ ಹುರಿಗಡಲೆಯ ಮಾತನ್ನೇ ಮೆಲುಕು ಹಾಕಿದ. ಊರ ಹತ್ತಿರ ತೆಂಗಿನ ಸಾಲು ಕಾಣತೊಡಗಿದ ಮೇಲೆ ನಿಟ್ಟುಸಿರು ಬಿಟ್ಟು ಹೇಳಿದ: "ಲಾರಿಗಟ್ಲೆ ಕಾಯಿ ಯಾವ್ಯಾವ್ದೋ ಊರಿಗೆ ಹೋಯ್ತದೆ. ನಮ್ಮ ಚಟ್ನಿವರೆಗೂ ಬರಕ್ಕೆ ಮಾತ್ರ ಅದಕ್ಕೆ ಬಸ್ ಸಿಕ್ಕಿಲ್ಲ ನೋಡ್ಲಾ."

ನಮ್ಮ ಅಧ್ಯಯನ ಪ್ರವಾಸದಲ್ಲಿ ಸಿಕ್ಕ ಮೊದಲ ತಿಳುವಳಿಕೆ ಇದು. ಅದೂ ಟೀ ಅಂಗಡಿಯಲ್ಲಿ ಸಿಕ್ಕಿತು.

ಬೋಣಿ

ಬೇಲೂರಿನ ಸಂತೆಗೆ ಹೋದದ್ದು ಸುಮ್ಮನೆ ನೋಡಲಿಕ್ಕೆ. ಹಾಗೆಂದು ಇಬ್ಬರೂ ಮನೆಯಲ್ಲಿ ಹೇಳಿಯೇ ಹೊರಟಿದ್ದೆವು. ಇನ್ನೂ ಅಂಗಡಿ ಹರವುವ ಹೊತ್ತು. ಒಂದು ಮೂಲೆಯಲ್ಲಿ ವಯಸ್ಸಾದ ಹೆಂಗಸೊಬ್ಬರು ಒರಳುಕಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಕುಳಿತಿದ್ದರು. ಗೆಳೆಯ ಒಂದರ ಕುಳಿಯೊಳಗೆ ಕೈ ಆಡಿಸಿ, "ಚೆನ್ನಾಗಿ ರುಬ್ಬುತ್ತಾ ಅಜ್ಜಿ?" ಎಂದುಬಿಟ್ಟ.

ಅಜ್ಜಿ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಬೋಣಿ ಸಾಮಿ. ತಗಂಡೋಗು."

"ಸುಮ್ನೆ ಕೇಳ್ದೆ ಅಜ್ಜಿ."

"ಮೊದ್ಲ ಗಿರಾಕಿ ಕೇಳಿ ಬಿಟ್ಟೋದ್ರೆ ದಿನವೆಲ್ಲ ಹಂಗೇ ಆಯ್ತದೆ ಕಣಪ್ಪ."

ನಾನು ಅವನ ತೋಳು ಹಿಡಿದು ಎಳೆದೆ. ಅವನು ನೆಲ ಬಿಟ್ಟು ಕದಲಲಿಲ್ಲ. "ಆಗಲ್ಲ ಕಣ್ಲಾ. ದಿನದ ಮೊದ್ಲ ಟಿಕೆಟ್ ಹರಿಯೋವಾಗ ಬಸ್ಸಿಂದ ಇಳಿದುಹೋದೋನ ಮುಖ ನಂಗೆ ಇವತ್ತೂ ಜ್ಞಾಪಕ ಐತೆ. ಅವತ್ತು ಟೈರು ಪಂಕ್ಚರ್ ಆಯ್ತು."

ಒರಳನ್ನು ಗೋಣಿಚೀಲದಲ್ಲಿ ಸುತ್ತಿ ಅವನು ಹೊತ್ತುಕೊಂಡ. ಅದರಲ್ಲಿ ರುಬ್ಬುವ ಗುಂಡುಕಲ್ಲನ್ನು ಟವೆಲ್ಲಿನಲ್ಲಿ ಸುತ್ತಿ ನಾನು ಎತ್ತಿಕೊಂಡೆ. ಬಸ್ಸಿನ ಕಂಡಕ್ಟರ್ ಹಳೆಯ ಪರಿಚಯ. "ಇರಲಿ ಬಿಡಣ್ಣ, ಲಗೇಜ್ ಟಿಕೆಟ್ ಬೇಡ" ಎಂದ. ಗೆಳೆಯ ಅವನಿಗೆ ಹಳೇಬೀಡು ಬರುವವರೆಗೂ ನಿಯಮ ವಿವರಿಸಿ, ಬೈದು, ಟಿಕೆಟ್ ಹರಿಸಿಕೊಂಡ. ಇಳಿಯುವಾಗ ಆ ಕಂಡಕ್ಟರ್ ನನ್ನ ಕಿವಿಯಲ್ಲಿ, "ಇವ್ರು ಯಾವಾಗ ರಿಟೈರ್ಡ್ ಆಗೋದು?" ಎಂದು ಕೇಳಿದ.

ಹಳೇಬೀಡಿನ ಕಲ್ಲು

ಹಳೇಬೀಡಿನಲ್ಲಿ ಊಟ ಮುಗಿಸಿದೆವು. ಜಾವಗಲ್ ಮೇಲೆ ಅರಸೀಕೆರೆಗೆ ಹೋಗುವ ಬಸ್ಸಿಗೆ ಇನ್ನೂ ಹೊತ್ತಿತ್ತು. ದೇವಸ್ಥಾನದ ಹುಲ್ಲುಹಾಸಿನಲ್ಲಿ, ಮರದ ನೆರಳಿನಲ್ಲಿ, ಕಲ್ಲುಗಳನ್ನು ಪಕ್ಕಕ್ಕಿಟ್ಟುಕೊಂಡು ಮಲಗಿದೆವು. ಒಳಗೆ ಬರುವಾಗ ಬಾಗಿಲಲ್ಲಿದ್ದ ಕಾವಲುಗಾರನಿಗೆ ಕಲ್ಲು ತೋರಿಸಿಯೇ ಬಂದಿದ್ದೆವು. ಎದ್ದು ಹೊರಡುವಾಗ ಅವನು ಊಟಕ್ಕೆ ಹೋಗಿದ್ದ. ಅವನ ಜಾಗದಲ್ಲಿ ಬೇರೊಬ್ಬನಿದ್ದ.

ಹೊಯ್ಸಳರ ದೇವಸ್ಥಾನದಿಂದ ಇಬ್ಬರು ವಯಸ್ಕರು ಕಲ್ಲು ಹೊತ್ತುಕೊಂಡು ಹೊರಗೆ ಬರುವ ದೃಶ್ಯದಲ್ಲಿ ಏನು ತಪ್ಪಿದೆಯೆಂದು ನಮಗೆ ಹೊಳೆಯಲಿಲ್ಲ. ಅವನಿಗೆ ಹೊಳೆಯಿತು.

"ನಿಂತ್ಕಳಿ ಅಲ್ಲೇ! ಏನದು?"

"ಒರಳುಕಲ್ಲು."

"ಯಾವ ಕಾಲದ್ದು?"

"ಬೆಳಗ್ಗೇದು" ಎಂದ ಗೆಳೆಯ.

ಜನ ಸೇರಿದರು. ನನ್ನ ಟವೆಲ್ ಜಾರಿ ಗುಂಡುಕಲ್ಲು ಹೊರಗೆ ಕಂಡಿತು. ಪ್ರವಾಸಕ್ಕೆ ಬಂದಿದ್ದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಅದರ ಮೇಲೊಂದು ಹೂವಿಟ್ಟು ಕೈ ಮುಗಿದರು. ನನಗೆ ಬೇರೆ ದಾರಿ ತೋಚದೆ ಆಶೀರ್ವಾದದ ಭಂಗಿಯಲ್ಲಿ ನಿಂತೆ. ಅಲ್ಲೇ ಇದ್ದ ಒಬ್ಬ ಗೈಡು, ಯಾರೂ ಕೇಳದಿದ್ದರೂ, ಒರಳಿನ ಕುಳಿಯನ್ನು ತೋರಿಸಿ ಅರಮನೆಯ ಅಡುಗೆಮನೆಯ ಬಗ್ಗೆ ಮಾತಾಡತೊಡಗಿದ. ಇಬ್ಬರು ಫೋಟೋ ತೆಗೆದುಕೊಂಡರು.

ಗೆಳೆಯ ಗೆಲುವಿನಿಂದ ಲಗೇಜ್ ಟಿಕೆಟ್ ತೆಗೆದು ತೋರಿಸಿದ. ಕಾವಲುಗಾರ ಎರಡೂ ಕಡೆ ತಿರುಗಿಸಿ ನೋಡಿದ. "ಇದ್ರಲ್ಲಿ ಲಗೇಜ್ ಅಂತ ಐತೆ. ಕಲ್ಲು ಅಂತ ಎಲ್ಲೈತೆ? ಮನೆಗ್ ಫೋನ್ ಮಾಡಿ."

ಮಾಡಿದ. ಸ್ಪೀಕರ್ ಹಾಕಿಸಿದರು.

"ಲೇ, ನಾನು ಒರಳುಕಲ್ಲು ತಗೊಂಡಿದ್ದೀನಿ ಅಂತ ಇವ್ರಿಗೆ ಒಸಿ ಹೇಳೇ."

"ಯಾವ ಒರಳುಕಲ್ಲು?" ಎಂದರು ಅತ್ತಿಗೆ. "ಸುಮ್ನೆ ನೋಡ್ಕೊಂಡು ಬರ್ತೀನಿ ಅಂದ್ರಲ್ಲ!"

ಕಾವಲುಗಾರ ಗೆಳೆಯನ ರಟ್ಟೆ ಹಿಡಿದುಕೊಂಡ. "ಅಮ್ಮಾ, ನಿಮ್ಮೆಜಮಾನ್ರು ದೇವಸ್ಥಾನದ ಕಲ್ಲು ಕದ್ದವ್ರೆ ಅಂತ ನಮಗೆ ಅನುಮಾನ."

ಗೆಳೆಯನ ಮುಖದಲ್ಲಿ ಹೋಟೆಲಿನ ಬೋರ್ಡು ಕೆಳಗೆ ಬೀಳುವುದು ನನಗೆ ಕಾಣಿಸಿತು.

"ನೋಡಪ್ಪ" ಎಂದರು ಅತ್ತಿಗೆ. "ಕದಿಯೋ ಅಷ್ಟು ಧೈರ್ಯ ಅವ್ರಿಗಿದ್ದಿದ್ರೆ, ನನ್ನ ಕೇಳದೇನೇ ಇಷ್ಟು ಹೊತ್ತಿಗೆ ಹೋಟ್ಲು ಶುರು ಮಾಡಿರೋರು. ಸಂತೇಲಿ ಯಾರೋ ಬೋಣಿ ಅಂದಿರ್ತಾರೆ, ತಗೊಂಡಿರ್ತಾರೆ."

ಕಾವಲುಗಾರ ರಟ್ಟೆ ಬಿಟ್ಟ. ಸೇರಿದ್ದ ಜನ ಗೆಳೆಯನನ್ನು ಅನುಕಂಪದಿಂದ ನೋಡಿದರು.

"ಆಮೇಲೆ, ಕಲ್ಲು ಹೆಂಗೈತೆ ನೋಡಿ ಹೇಳಪ್ಪ. ಬಿರುಕು ಗಿರುಕು ಇಲ್ವಾ?"

ಅವನು ಬಗ್ಗಿ ನೋಡಿದ. ಬೆರಳಿನಿಂದ ಕುಟ್ಟಿ ಕೇಳಿದ. "ಇಲ್ಲಮ್ಮ, ಗಟ್ಟಿಮುಟ್ಟಾಗೈತೆ. ಕುಳಿ ಚೆನ್ನಾಗೈತೆ. ನಮ್ಮನೇಲೂ ಇಂಥದ್ದಿತ್ತು, ಮಿಕ್ಸಿ ಬಂದ್ಮೇಲೆ ಹಿತ್ಲಿಗೆ ಹಾಕ್ಬುಟ್ಟವ್ರೆ. ಆ ಚಟ್ನಿ ಈಗ ಎಲ್ಲೂ ಸಿಗಲ್ಲ."

"ಎಲ್ಲೂ ಸಿಗಲ್ವಾ?" ಎಂದರು ಅತ್ತಿಗೆ.

"ಎಲ್ಲೂ ಇಲ್ಲಮ್ಮ."

"ಸಿಕ್ಕಿದ್ರೆ ಇನ್ನೊಂದು ಸಲ ಬರ್ತೀಯಾ?"

"ಬಸ್ ಹತ್ಕೊಂಡು ಬತ್ತೀನಿ."

"ರೀ," ಎಂದರು ಅತ್ತಿಗೆ, "ಕಲ್ಲು ಹುಷಾರಾಗಿ ತನ್ನಿ. ಬರೋವಾಗ ನಾಕು ಬಲಿತ ಕಾಯಿನೂ ಇಳಿಸ್ಕೊಂಡು ಬನ್ನಿ."

ಬಸ್ ನಿಲ್ದಾಣದವರೆಗೆ ಒರಳನ್ನು ಕಾವಲುಗಾರನೇ ಹೊತ್ತು ತಂದ. ಆ ಹೆಂಗಸು ಗುಂಡುಕಲ್ಲಿನ ಮೇಲಿಟ್ಟಿದ್ದ ಹೂವು ಅರಸೀಕೆರೆಯವರೆಗೂ ಬಂತು.

ಹೋಟೆಲು ಈಗ ನಡೆಯುತ್ತಿದೆ. ಅಲ್ಲಿ ಪರದೆ ಇಲ್ಲ. ಡ್ರೈವರ್, ಕಂಡಕ್ಟರ್, ವಕೀಲರು, ಎಲ್ಲರೂ ಪ್ಯಾಸೆಂಜರುಗಳೇ. ಬಾಗಿಲಲ್ಲಿ ಗೆಳೆಯ ಜನರನ್ನು ಮುಂದೆ ನಡೆಸುತ್ತಾನೆ. ಹಳೇಬೀಡಿನ ಕಾವಲುಗಾರ ಹೇಳಿದಂತೆಯೇ ಬಸ್ ಹತ್ತಿ ಬಂದ. ಅವನು ಬಂದದ್ದು ಕಳೆದ ಸೋಮವಾರ, ಮನೆಯವರನ್ನೆಲ್ಲ ಕರೆದುಕೊಂಡು, ವಕೀಲರಿಗಿಂತ ಸ್ವಲ್ಪ ಮೊದಲು.

ಮಂಗಳವಾರ ಬೆಳಿಗ್ಗೆ ಚಟ್ನಿಯನ್ನು ಮತ್ತೆ ರುಬ್ಬಲಾಯಿತು.