ನಾಲಿಗೆ ಸಾಹೇಬರು ಉಪ್ಪು ನೋಡಿದ್ದು

"ಈ ಸಲ ಒಂದೇ ಒಂದು ಮೀನು ಸತ್ತರೂ ನನ್ನ ನಾಲಿಗೆ ಕೊಯ್ದು ನಿನ್ನ ಕೈಗೆ ಕೊಡ್ತೀನಿ," ಎಂದು ಸಾಹೇಬರು ಹೆಂಡತಿಯ ಮುಂದೆ ಘೋಷಿಸಿದರು.

ಬೇರೆಯವರು ಹೀಗೆ ಅಂದರೆ ಅದು ಬರೀ ಬಾಯಿಮಾತು. ಸಾಹೇಬರು ಅಂದರೆ ಮನೆಮಠ ಅಡವಿಟ್ಟ ಹಾಗೆ. ಬಟಾಣಿಯನ್ನು ಉಪ್ಪುನೀರಿನಲ್ಲಿ ಹಾಕಿ ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ಆ ನೀರಿನ ರುಚಿ ನೋಡುವುದೇ ಅವರ ಉದ್ಯೋಗ. ಚಮಚದಲ್ಲಿ ತೆಗೆದು, ಕಣ್ಣು ಮುಚ್ಚಿ, ಬಾಯೊಳಗೆ ಒಂದು ಪ್ರದಕ್ಷಿಣೆ ಹಾಕಿಸಿ, ಉಗಿದು, "ಚಿಟಿಕೆ ಜಾಸ್ತಿ" ಎಂದರೆ ಅಷ್ಟು ದೊಡ್ಡ ತೊಟ್ಟಿಯೂ ಕೈಕಟ್ಟಿ ನಿಲ್ಲುತ್ತಿತ್ತು. ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ನಾಲಿಗೆ ಸಾಹೇಬರು ಎಂದೇ ಕರೆಯುತ್ತಿದ್ದರು. ಎದುರಿಗೂ ಹಾಗೇ ಕರೆಯುತ್ತಿದ್ದರು, ಅವರಿಗೆ ಅದು ಇಷ್ಟವಾಗಿತ್ತು.

ಘೋಷಣೆಗೆ ಕಾರಣವಿತ್ತು. ಮನೆಯ ಗಾಜಿನ ತೊಟ್ಟಿಯಲ್ಲಿ ಅವರು ಸಮುದ್ರದ ಮೀನು ಸಾಕಿದ್ದರು. ಹೋದ ಸಲ ತಂದ ಹೊಸ ಮೀನನ್ನು ನೇರವಾಗಿ ಅದರೊಳಗೆ ಬಿಟ್ಟು, ಅದರ ಜೊತೆ ಬಿಳಿ ಚುಕ್ಕೆ ರೋಗವನ್ನೂ ಬಿಟ್ಟು, ಇದ್ದಬದ್ದ ಮೀನುಗಳನ್ನೆಲ್ಲ ಒಂದೊಂದಾಗಿ ಹಿತ್ತಿಲಲ್ಲಿ ಹೂತಿದ್ದರು. ಉಳಿದದ್ದು ಹೆಂಡತಿಯ ಸೀಗಡಿ ಒಂದೇ. ಆ ರೋಗ ಸೀಗಡಿಗೆ ತಗುಲುವುದಿಲ್ಲ. ಕೆಂಪು ಬೆನ್ನು, ನಡುವೆ ಒಂದು ಬಿಳಿ ಗೆರೆ. ಆಕೆ ನೀರಿಗೆ ಕೈ ಇಳಿಸಿದರೆ ಸಾಕು, ಅಂಗೈಯೇರಿ ಉಗುರುಗಳನ್ನು ಕೆದಕಿ ಕೆದಕಿ ಚೊಕ್ಕಟ ಮಾಡುತ್ತಿತ್ತು. ಮನೆಯಲ್ಲಿ ಕೇಳದೆ ಕೆಲಸ ಮಾಡುವ ಪ್ರಾಣಿ ಇದೊಂದೇ ಎಂದು ಆಕೆ ಆಗಾಗ ಹೇಳುತ್ತಿದ್ದರು.

ಹಾಗಾಗಿ ಈ ಸಲದ ಎರಡು ಮೀನುಗಳಿಗೆ ಕ್ವಾರಂಟೈನ್. ಬಟ್ಟೆ ಒಗೆಯುವ ಕೋಣೆಯಲ್ಲಿ ದೊಡ್ಡ ಟಬ್ಬು ಸಿದ್ಧವಾಯಿತು. ಮೀನಿನಂಗಡಿಯವಳು ಚೀಲ ಕಟ್ಟಿಕೊಡುತ್ತಾ, "ಮೊದಲು ಟಬ್ಬಿನ ಉಪ್ಪನ್ನ ನಮ್ಮ ನೀರಿಗೆ ಸರಿಮಾಡ್ಕೊಳ್ಳಿ ಸಾರ್. ಉಪ್ಪು ಇಳಿದ್ರೆ ಮೀನು ಹೇಗೋ ತಡ್ಕೊಳ್ಳುತ್ತೆ. ಏರಿಸೋವಾಗ ಮಾತ್ರ ಚೂರುಚೂರೇ ಏರಿಸ್ಬೇಕು. ಅಳೆಯೋಕೆ ಮೀಟರ್ ಕೊಡ್ಲಾ?" ಎಂದಳು.

ಸಾಹೇಬರು ನಾಲಿಗೆಯನ್ನು ತುಸು ಹೊರಚಾಚಿ ತೋರಿಸಿದರು. "ನನ್ನದು ಹುಟ್ಟುತ್ತಲೇ ಬಂದಿದೆಯಮ್ಮ."

ಟಬ್ಬಿಗೆ ಉಪ್ಪು ಸುರಿದರು, ಕಲಕಿದರು, ಚಮಚ ಬಾಯಿಗಿಟ್ಟರು. ಹಾಕಬೇಕೆಂದುಕೊಂಡಿದ್ದ ಪೊಟ್ಟಣದಲ್ಲಿ ಅರ್ಧವೂ ಮುಗಿದಿರಲಿಲ್ಲ, ನಾಲಿಗೆ ಸಾಕು ಎಂದಿತು. ನಾಲಿಗೆ ಹೇಳಿದ ಮೇಲೆ ಮೇಲ್ಮನವಿ ಎಲ್ಲಿದೆ? ಮೀನುಗಳನ್ನು ಬಿಟ್ಟರು. ಅವು ಸ್ವಲ್ಪ ಹೊತ್ತು ಮುಖ ಸಿಂಡರಿಸಿಕೊಂಡು ಮೂಲೆ ಹಿಡಿದವು, ಆಮೇಲೆ ಈಜಾಡಿದವು. ಒಂದರ ಮೈಮೇಲಿದ್ದ ಬಿಳಿ ಚುಕ್ಕೆಗಳೂ ಬರಬರುತ್ತಾ ಮಾಯವಾದವು.

"ನೋಡಿದೆಯಾ?" ಎಂದರು ಸಾಹೇಬರು.

"ನೋಡಿದೆ," ಎಂದರು ಹೆಂಡತಿ.

ಮನೆಯಲ್ಲಿ ಹೀಗೆ ಜಯಭೇರಿ ಬಾರಿಸುತ್ತಿದ್ದಾಗಲೇ ಕಾರ್ಖಾನೆಯಿಂದ ಬೇರೆ ಸುದ್ದಿ ಬಂತು. ಬಟಾಣಿ ಸಪ್ಪೆ, ಡಬ್ಬಿಗೆ ಡಬ್ಬಿಯೇ ಸಪ್ಪೆ ಎಂದು ಅಂಗಡಿಗಳು ದೂರುತ್ತಿದ್ದವು. "ಜನರ ನಾಲಿಗೆ ಕೆಟ್ಟುಹೋಗಿದೆ," ಎಂದು ಸಾಹೇಬರು ತೀರ್ಪು ಕೊಟ್ಟರು. ಮ್ಯಾನೇಜರು ತಲೆ ಕೆರೆದುಕೊಂಡು, "ಆಗಬಹುದು. ಆದ್ರೂ ಸೋಮವಾರ ಉಪ್ಪು ಅಳೆಯೋ ಯಂತ್ರ ಬರ್ತಿದೆ. ಮೂರು ಲೋಟ ಇಡ್ತೀವಿ. ಅದು ಹೇಳಿದ್ದೂ ನೀವು ಹೇಳಿದ್ದೂ ಒಂದೇ ಆದ್ರೆ ಯಂತ್ರ ವಾಪಸ್ಸು, ಇಲ್ಲದಿದ್ರೆ..." ಎಂದು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಉಳಿದರ್ಧ ಸಾಹೇಬರಿಗೆ ಕೇಳದೆಯೂ ಗೊತ್ತಾಯಿತು. ಆ ನಾಲಿಗೆ ಬಿಟ್ಟರೆ ಅವರ ಬಳಿ ಬೇರೆ ವಿದ್ಯೆ ಇರಲಿಲ್ಲ.

ಭಾನುವಾರ ಬೆಳಿಗ್ಗೆ, ಮೀನುಗಳನ್ನು ಒಳಕ್ಕೆ ಸೇರಿಸುವ ಮುನ್ನ, ದೊಡ್ಡ ತೊಟ್ಟಿಯ ನೀರನ್ನೂ ಒಮ್ಮೆ ನೋಡೋಣವೆಂದು ಚಮಚ ಅದ್ದಿದರು. ಬಾಯಿಗಿಟ್ಟವರೇ ಬೆಚ್ಚಿಬಿದ್ದರು.

"ಇವಳೇ, ಇದೇನು ಸಮುದ್ರವೋ ಉಪ್ಪಿನ ಮೂಟೆಯೋ? ನಿನ್ನ ಸೀಗಡಿ ಇಷ್ಟು ದಿನ ಬದುಕಿದ್ದೇ ಪುಣ್ಯ."

"ಅದರ ಪಾಡಿಗೆ ಅದು ಚೆನ್ನಾಗಿದೆಯಲ್ಲ ರೀ. ಬಿಟ್ಟುಬಿಡಿ."

ಬಿಡುವ ಜಾಯಮಾನವೇ? ಅರ್ಧ ನೀರು ಬಸಿದರು, ಸಿಹಿನೀರು ತುಂಬಿದರು, ಮತ್ತೆ ನೋಡಿದರು, ಮತ್ತಷ್ಟು ತುಂಬಿದರು. ಮಧ್ಯಾಹ್ನ ಹೆಂಡತಿ ಕೈ ಇಳಿಸಿದಾಗ ಸೀಗಡಿ ಬರಲಿಲ್ಲ. ಕಲ್ಲಿನ ಸಂದಿಯಲ್ಲಿ ಮಗ್ಗುಲಾಗಿ ಬಿದ್ದಿತ್ತು.

ಆಕೆ ಅದನ್ನು ಅಂಗೈ ಮೇಲೆತ್ತಿ ಸಾಹೇಬರ ಮುಂದೆ ಹಿಡಿದರು. ಅದು ಸಾಹೇಬರಿಗೆ ಬೈಗುಳಕ್ಕಿಂತ ಕಷ್ಟವಾಯಿತು.

"ನಾನು ಆಣೆ ಮಾಡಿದ್ದು ಮೀನಿನ ವಿಷಯ," ಎಂದು ತೊದಲಿದರು. "ಸೀಗಡಿ ಮೀನಲ್ಲ."

ಹೆಂಡತಿ ತೊಟ್ಟಿಯಿಂದ ಒಂದು ಬಾಟಲಿ, ಟಬ್ಬಿನಿಂದ ಒಂದು ಬಾಟಲಿ ನೀರು ತುಂಬಿಕೊಂಡು ಚಪ್ಪಲಿ ಮೆಟ್ಟಿ ಹೊರಟರು. ಮೀನಿನಂಗಡಿಯಿಂದ ವಾಪಸ್ಸು ಬಂದಾಗ ಕೈಯಲ್ಲಿ ಮೀಟರ್ ಇತ್ತು.

"ಎರಡೂ ನೀರಿನಲ್ಲಿ ಇರಬೇಕಾದ ಉಪ್ಪಿನ ಅರ್ಧವೂ ಇಲ್ಲವಂತೆ. ಆ ಸಪ್ಪೆ ನೀರಿಗೇ ಮೀನಿನ ಚುಕ್ಕೆ ವಾಸಿಯಾಗಿದ್ದು. ನೀವು ಗೊತ್ತಿಲ್ಲದೆ ಔಷಧಿ ಕೊಟ್ಟಿದ್ದೀರಿ. ಸೀಗಡಿ ಮಾತ್ರ ತಡ್ಕೊಳ್ಳಲ್ಲವಂತೆ."

"ಮೀಟರ್ ಕೆಟ್ಟಿರಬೇಕು."

"ಅಂಗಡಿಯವಳು ಮೂರು ಮೀಟರ್‌ನಲ್ಲಿ ನೋಡಿದ್ಲು ರೀ."

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಸಪ್ಪೆ ಟಬ್ಬು, ಸಪ್ಪೆ ತೊಟ್ಟಿ, ಸಪ್ಪೆ ಬಟಾಣಿ, ಎಲ್ಲವೂ ಒಟ್ಟಿಗೆ ಕಣ್ಣಮುಂದೆ ಸಾಲುಗಟ್ಟಿ ನಿಂತವು. "ನನ್ನ ನಾಲಿಗೆಗೆ ಏನಾಯ್ತೇ?" ಎಂದರು. ಆ ಧ್ವನಿ ಕೇಳಿ ಹೆಂಡತಿಗೆ ಸೀಗಡಿಯ ಮೇಲಿನ ದುಃಖದ ಜೊತೆ ಇನ್ನೊಂದು ದುಃಖವೂ ಉಕ್ಕಿ ಬಂತು.

"ಡಾಕ್ಟರು ಬಿಪಿ ಇದೆ, ಉಪ್ಪು ಕಡಿಮೆ ಮಾಡಿ ಅಂದಿದ್ರಲ್ಲ. ಅವತ್ತು ಸಪ್ಪೆ ಬಡಿಸಿದ್ದಕ್ಕೆ ನೀವು ತಟ್ಟೆ ತಳ್ಳಿ ಎದ್ದುಹೋದ್ರಿ. ಅದಕ್ಕೇ ಆಮೇಲಿಂದ ನಾನೇ ನಿಮಗೆ ಹೇಳದೆ ಚೂರುಚೂರೇ ಇಳಿಸ್ತಾ ಬಂದೆ. ಒಂದೇ ಸಲ ಇಳಿಸಿದ್ರೆ ನೀವು ತಡ್ಕೋತಿರ್ಲಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡರು. "ನೀವು ಬದುಕಿರಲಿ ಅಂತ ಮಾಡಿದೆ. ನಾಲಿಗೆ ಸಪ್ಪೆಗೇ ಒಗ್ಗಿಹೋಗಿ ಚೂರು ಉಪ್ಪಿಗೇ ಸಾಕು ಅನ್ನುತ್ತೆ ಅಂತ ನನಗೇನು ಗೊತ್ತು?"

ಸಾಹೇಬರು ಮೀಟರನ್ನು ಕೈಗೆತ್ತಿಕೊಂಡರು. ಕೋಪ ಮಾಡಿಕೊಳ್ಳಲು ಹೋದರೆ ಕೋಪ ಬರಲಿಲ್ಲ. ಭಯ ಬಂತು. "ನಾಳೆ ಮೂರು ಲೋಟ ಇಡ್ತಾರೆ ಕಣೇ," ಎಂದರು. "ಇವತ್ತೊಂದು ದಿನ ಮೊದಲಿನ ಹಾಗೆ ಹಾಕು. ನಾಲಿಗೆಗೆ ನೆನಪಾದ್ರೂ ಆಗ್ಲಿ."

ಹೆಂಡತಿ ತಲೆಯಾಡಿಸಿ ಅಡುಗೆಮನೆಗೆ ಹೋದರು. ಅಲ್ಲಿಂದ ಪಾತ್ರೆಗಳ ಸದ್ದಿನ ನಡುವೆ ಮೂಗೊರೆಸಿಕೊಳ್ಳುವ ಸದ್ದೂ ಕೇಳುತ್ತಿತ್ತು.

ಊಟಕ್ಕೆ ಕುಳಿತಾಗ ಸಾಹೇಬರು ಸಾರಿನಲ್ಲಿ ಚಮಚ ಅದ್ದಿ, ಕಣ್ಣು ಮುಚ್ಚಿ, ಬಾಯೊಳಗೆ ಆ ಹಳೆಯ ಪ್ರದಕ್ಷಿಣೆ ಹಾಕಿಸಿದರು. ಮುಖ ಅರಳಿತು.

"ಇದು, ಇದು ನೋಡು ಉಪ್ಪು ಅಂದ್ರೆ. ಚಿಟಿಕೆ ಜಾಸ್ತೀನೇ ಆಗಿದೆ. ನಾಲಿಗೆ ಎಲ್ಲೂ ಹೋಗಿಲ್ಲ ಕಣೇ. ನಾಳೆ ಆ ಯಂತ್ರ ಬಂದ ದಾರೀಲೇ ವಾಪಸ್ಸು."

ಹೆಂಡತಿ ತಮ್ಮ ತಟ್ಟೆಯಿಂದ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ನಿಂತಿತು. ಎದ್ದು ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ತಂದು ಅವರ ಮುಂದಿಟ್ಟರು.

"ಇವತ್ತು ಅಳುತ್ತಾ ಹಾಕೋದೇ ಮರ್ತುಬಿಟ್ಟಿದ್ದೆ ರೀ."