ನಮ್ಮನಿ ಎರಡು ಕಂಪ್ಯೂಟರಿನ ಮುನಿಸು

ಬರ್ರಿ, ಕೂಡ್ರಿ. ಆ ಚೀಲಾ ಅತ್ತಾಗ ಸರಿಸಿ, ಗ್ವಾಡಿಗೆ ಬೆನ್ನು ಹಚ್ಚಿ ಕೂಡ್ರಿ. ನನಗ ಮಾತ್ರ ಕೂಡು ಅನಬ್ಯಾಡ್ರಿ. ನನ್ನ ಕಾಲು ಒಂದು ಕಡಿ ನಿಲ್ಲಂಗಿಲ್ಲ, ಅಡ್ಡಾಡಕೋತ ಹೇಳತೀನಿ. ನಮ್ಮ ಮನ್ಯಾಗ ಇಂಥಾವು ಆಗಕೋತನ ಇರತಾವ. ಒಂದು ಮುಗೀತು ಅಂತ ಸೆರಗು ಕೊಡವಿ ಏಳೂದ್ರಾಗ ಇನ್ನೊಂದು ಬಾಗಿಲಿಗೆ ಬಂದು ನಿಂತಿರತದ.

ಸುರಪುರದಾಗ ನಮ್ಮದು ಹಳೇ ಕಲ್ಲಿನ ಮನಿ. ಮೊಬೈಲಿನ ಸಿಗ್ನಲ್ಲಿಗೂ ಒಳಗ ಬರಾಕ ಬಾಗಿಲನ ಬೇಕು, ಅಷ್ಟು ದಪ್ಪ ಗ್ವಾಡಿ. ಕೆಳಗಿನ ಖೋಲಿಯೊಳಗ ದೊಡ್ಡ ಮಗನ ಹೆಂಡತಿ, ನನ್ನ ಸೊಸಿದು ಒಂದು ಕಂಪ್ಯೂಟರ್. ಮ್ಯಾಲ ಮಾಳಗಿಯೊಳಗ ಸಣ್ಣ ಮಗಂದು ಇನ್ನೊಂದು, ಹೈದರಾಬಾದಿನಿಂದ ಯಾರೋ ಬಳಸಿ ಬಿಟ್ಟಿದ್ದು ತಂದಾನ. ಎರಡರ ಆಪರೇಟಿಂಗ್ ಸಿಸ್ಟಮ್ ಬ್ಯಾರೆ ಅಂತ. ನನಗ ತಿಳಿದಂಗ ಹೇಳಬೇಕಂದ್ರ, ಎರಡಕ್ಕೂ ತವರುಮನಿ ಬ್ಯಾರೆ, ನಡಾವಳಿ ಬ್ಯಾರೆ.

ಸೊಸಿ ಲಗ್ನಪತ್ರಿಕಿ ಬರೀತಾಳ, ಸಣ್ಣವ ಅದಕ್ಕ ಫೋಟೋ ಕೂಡಿಸಿ ಶಹಾಪುರದ ಪ್ರೆಸ್ಸಿಗೆ ಕಳಸತಾನ. ನಾ ಹೇಳಾಕತ್ತಿದ್ದು ಸೊಸಿಯ ಮೊದಲನೇ ಕೆಲಸದ ಸುದ್ದಿ. ಹೊಳಿ ದಂಡಿ ಊರಿನ ಹುಡುಗಿ ಲಗ್ನ. ಸೊಸಿ ತಾ ಮನ್ಯಾಗ ತೆರಿಯೂ ಪತ್ರಿಕಿ ಅಂಗಡಿ ಬೋರ್ಡು ಬರಸಿ, ಮಾರಿ ಗ್ವಾಡಿ ಕಡಿ ಮಾಡಿ ನಿಲ್ಲಿಸಿದ್ಲು. "ಅತ್ತಿ, ಈ ಪತ್ರಿಕಿ ಬರೋಬ್ಬರಿ ಬಂದ್ರ ಬೋರ್ಡು ಬಾಗಿಲಿಗಿ, ಇಲ್ಲಂದ್ರ ಒಲಿಗಿ" ಅಂದಳು. ಆಕಿ ಹೇಳಿದ್ರ ಮಾಡಾಕಿನ. ನನಗ ಆ ಬೋರ್ಡಿನ ಚಿಂತಿ ಹತ್ತಿ ಊಟ ರುಚಿಸವಲ್ದು.

ಕಾಣಾಕತ್ತದೇನು?

ಪತ್ರಿಕಿ ಕೆಳಗಿಂದ ಮ್ಯಾಲ ಹೋಗಬೇಕು, ಇಷ್ಟ. ನಡುವ ಹನ್ನೆರಡು ಪಾವಟಿಗಿ. "ಆ ಪೆನ್ ಡ್ರೈವ್ ಅಂತೀರಲ್ಲ, ಅದರಾಗ ಒಯ್ಯಿರಿ" ಅಂದೆ. ಹಿಂದಕೊಮ್ಮೆ ಒಯ್ದಿದ್ರು. ಮೈದುನನ ಪೆನ್ ಡ್ರೈವಿನ ಕಡ್ಡಿ ಹಚ್ಚಿದ ಕೂಡ್ಲೆ ಸೊಸಿಯ ಯಂತ್ರ "ಇದು ನನಗ ಓದಾಕ ಬರಂಗಿಲ್ಲ, ಒರಸಲೇನು?" ಅಂತ ಕೇಳ್ತಂತ. ಪಾಪ, ಇಷ್ಟು ಮರ್ಯಾದಿಲೆ ಕೇಳಾಕತ್ತದ ಅಂತ ಈಕಿ ಹೂಂ ಅಂದಾಳ. ಗೋಗಿ ಊರಿನ ಒಂದು ಲಗ್ನದ ಫೋಟೋ ಅಷ್ಟೂ ಸಾಫ್! ಪುಣ್ಯಾ, ಅಸಲಿ ಅವನ ಹತ್ರ ಇದ್ವು. ಅವತ್ತಿನಿಂದ ಕಡ್ಡಿ ಬಂದ್.

ಅದಕ್ಕ ಕೆಳಗ ಮ್ಯಾಲ ವಾಯರ್ ಎಳೆದು, ಒಂದರಾಗ ಒಂದು ಕಾಣಬೇಕಂತ ಹಚ್ಚಿದ್ರು. ಕಾಣವಲ್ದು. ಸಣ್ಣವ ಮಾಳಗಿ ಕಿಟಕಿಯಿಂದ ಅತ್ತಿಗಿಗೆ ಒದರತಾನ, "ವೈನೀ, ಕಾಣಾಕತ್ತದೇನು?" ಈಕಿ ಅಂಗಳಕ್ಕ ಬಂದು ಒದರತಾಳ, "ಇಲ್ಲೋ ಮಾರಾಯಾ! ನಿನಗ?" "ನನಗೂ ಇಲ್ಲ! ಈಗ ಹೊರಗ ಹೋಗಿ ಒಳಗ ಬರ್ರಿ!" ಈಕಿ ಕಂಪ್ಯೂಟರಿಂದ ಹೊರಗ ಹೋಗೂದು ಬಿಟ್ಟು ಮನಿಯಿಂದ ಹೊರಗ ಹೋಗಿ ಒಳಗ ಬಂದಳು. ನಾನು ಹಿಂದಿಂದ ಹೋಗಿ ಬಂದೆ, ಇಬ್ಬರು ಹೋದ್ರ ಜಲ್ದಿ ಕಾಣಬಹುದು ಅಂತ.

ಮಧ್ಯಾಹ್ನತನಕ ಇದ ಒದರಾಟ. ಕಡೀಕ ಬಾಜೂಮನಿ ಗೌಡ್ತಿ ಬೆವರಕೋತ ಬಂದು, ಒಂದು ಆಡಿನ ಹಗ್ಗ ನನ್ನ ಕೈಯಾಗ ಕೊಟ್ಟಳು. "ತಗೋಬೇ, ನಿಮ್ಮ ಆಡು ಕಳದದ ಅಂತ ಗುಡ್ಡದ ತನಕ ಹುಡಿಕಿ ತಂದೀನಿ. ನಿಮ್ಮದು ಅಲ್ಲಂದ್ರೂ ಇದನ್ನ ಕಟಗೋರಿ, ಒದರೂದು ಸಾಕು!"

ಉಡಿ ತುಂಬಿಸಿಕೊಂಡ ಡಬ್ಬಿ

ಮರುದಿನ ಶಹಾಪುರದಿಂದ ರಿಪೇರಿಯವನ್ನ ಕರಸಿದ್ವಿ. ಬಂದವನ ಚಹಾ ಸೈತ ಮುಟ್ಟದ ಡಬ್ಬಿ ಮುಂದ ಕುಂತ. ಎರಡೂ ಯಂತ್ರದಾಗ ಗುಂಪಿನ ಹೆಸರು ಒಂದ ಮಾಡಿದ, ಏನೇನೋ ಬಾಗಿಲಾ ತೆರದ, ಏನೇನೋ ಮುಚ್ಚಿದ. ಏನೂ ಆಗಲಿಲ್ಲ.

ಕಡೀಕ ಸೊಸಿಯ ಡಬ್ಬಿ ಹಿಂದ ವಾಯರ್ ಹಚ್ಚೂ ತೂತಿಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ. ನೋಡಿ, ನನ್ನ ಮಾರಿ ನೋಡಿದ. ಮತ್ತ ತೂತು ನೋಡಿದ.

ಆಗಿದ್ದೇನಂದ್ರ, ಸೊಸಿ ಭಕ್ತಿವಂತಳು. ಅಮಾಸಿ ಅಮಾಸಿಗೆ ಹೊಲಿಗಿ ಮಷೀನು, ಸ್ಕೂಟರು, ಕಂಪ್ಯೂಟರು ಎಲ್ಲಾದಕ್ಕೂ ಪೂಜಾ. ಮುಂದ ವಿಭೂತಿ ಹಚ್ಚತಾಳ. ಹಿಂದ ಬೆನ್ನಿಗೂ ಇರಲಿ ಅಂತ, ಎಲ್ಲೆಲ್ಲಿ ತೂತು ಅದಾವೋ ಅಲ್ಲೆಲ್ಲ ಅರಿಷಿಣ ಕುಂಕುಮ. ವಾಯರ್ ತೂತಿನಾಗ ಎರಡು ಅಕ್ಕಿ ಕಾಳು ಸೈತ ಕುಂತಿದ್ವು.

ರಿಪೇರಿಯವ ಸೂಜಿಲೆ ಕೆದರಿ ಕೆದರಿ ತಗದು, ಅಂಗೈ ಮ್ಯಾಲ ಹಾಕಿ ತೋರಿಸಿದ. "ಅಮ್ಮಾ, ಇದು ಫೈಲ್ ಕಳಸಾಕ ಬಂದದೋ, ಮುತ್ತೈದೇರ ಜೋಡಿ ಉಡಿ ತುಂಬಿಸಿಕೊಳ್ಳಾಕ ಬಂದದೋ?"

ಆದರ ಕೆದರೂ ರಭಸಕ್ಕ ತೂತು ಸಡ್ಲ ಆಗಿಬಿಡ್ತು. "ಹೊಸಾದು ತರತೀನಿ, ಅಲ್ಲೀತನಕ ವಾಯರ್ ಬೆರಳಿಲೆ ಒತ್ತಿ ಹಿಡೀರಿ" ಅಂತ ಹೇಳಿ ಹೋದ. ಹಿಡದ್ರ ಹಸರು ಲೈಟ್, ಬಿಟ್ರ ಕತ್ತಲಿ. ನಾ ಹಿಡದ್ರ ಕೈ ನಡುಗಿ ಲೈಟು ಕಣ್ಣು ಹೊಡ್ಯಾಕತ್ತಿತು. ಅದಕ್ಕ ಸೊಸಿನ ಹಿಡದು ಕೂಡಬೇಕಾತು.

ಮಾವನ ಜಾಗಾದಾಗ ಖಾಲಿ ಡಬ್ಬಿ

ಪತ್ರಿಕಿ ಮ್ಯಾಲ ಹೋತು! ನಾ ದೇವರಿಗೆ ಕಾಯಿ ಒಡಸಬೇಕು ಅನ್ನೂದ್ರಾಗ ಸಣ್ಣವ ತಲಿ ಹಿಡಕೊಂಡು ಇಳದ. ಸೊಸಿ ಯಂತ್ರದಾಗಿನ ಕನ್ನಡ ಅಕ್ಷರ ಅವನ ಯಂತ್ರದಾಗ ಇಲ್ಲಂತ. ಅಕ್ಷರ ಇರೂ ಕಡಿ ಸಾಲಾಗಿ ಖಾಲಿ ಚೌಕು, ಅಕ್ಕಿ ಡಬ್ಬಿ ಹೊಂದಿಸಿಟ್ಟಂಗ.

ಅದ ಹೊತ್ತಿಗೆ ಬರಬೇಕಾ ಹುಡುಗಿಯ ಸೋದರಮಾವ! ಹೊಳಿಯಾಗ ಮೀನು ಹಿಡದು ಮಾರಾಂವ, ಮೀಸಿ ನೋಡಿದ್ರ ಹೊಳಿ ಸೈತ ದಾರಿ ಬಿಡಬೇಕು. ನಮ್ಮ ಕಡಿ ಸೋದರಮಾವ ಅಂದ್ರ ಸಣ್ಣ ಮಾತಲ್ಲ. ಹುಡುಗಿನ್ನ ಎತಗೊಂಡು ಹಂದರಕ್ಕ ತರಾಂವ ಅವನ. ಸಣ್ಣವ ಫೋಟೋ ಚಂದ ಬಂದದ ಅಂತ ಫೋನಿನಾಗ ತೋರಿಸಿದ. ಅವ ಫೋಟೋ ನೋಡಲಿಲ್ಲ. ಬೆರಳಿಟ್ಟು ಕೇಳಿದ, "ನನ್ನ ಹೆಸರು ಎಲ್ಲದ?"

"ಇಲ್ಲೇ ಅದರಿ ಮಾವಾರ, ಈ ನಾಕು ಡಬ್ಬಿ ನೀವ."

"ನಾ ಖಾಲಿ ಡಬ್ಬಿ ಏನು?" ಟಾವೆಲ್ ಜಾಡಿಸಿ ಪಡಸಾಲಿಯಾಗ ಕುಂತುಬಿಟ್ಟ. "ಹೆಸರು ಕಾಣೂತನಕ ಏಳಂಗಿಲ್ಲ. ಕಾಣದಿದ್ರ ಹುಡುಗಿನ್ನ ಎತ್ತೂದೂ ಇಲ್ಲ. ಆ ಡಬ್ಬಿಗೆ ಹೇಳ್ರಿ, ಅದು ಎತಗೊಂಡು ಬರಲಿ!"

ಒಡಪು

ಉಪಾಯ ಇತ್ತು. ಸೊಸಿ ತನ್ನ ಯಂತ್ರದಾಗನ ಪತ್ರಿಕಿನ್ನ ಚಿತ್ರದಂಗ ಗಟ್ಟಿ ಮಾಡಿ ಇಟ್ಟಳು. ಹಂಗ ಮಾಡಿದ್ರ ಅಕ್ಷರ ಎಲ್ಲೂ ಓಡಿ ಹೋಗಂಗಿಲ್ಲ. ಸಣ್ಣವ ಮ್ಯಾಲಿಂದ ಎಳಕೋಬೇಕು, ಅಷ್ಟ. ಪ್ರೆಸ್ಸಿನವ ಅವನ ಫೋನಿನಾಗ ಕಾಯಾಕತ್ತಿದ್ದ, ಪ್ರೆಸ್ಸಿನ ಬಾಗಿಲಾ ಹಾಕೂ ಹೊತ್ತು. ಸೊಸಿ ಬೆರಳಿಲೆ ವಾಯರ್ ಒತ್ತಿ ಉಸರು ಬಿಗಿ ಹಿಡಿದು ಕುಂತಾಳ. ಆಗ ಮ್ಯಾಲಿಂದ ಕೂಗು ಬಂತು, "ವೈನೀ, ಇದು ನಿಮ್ಮ ಪಾಸ್‌ವರ್ಡ್ ಕೇಳಾಕತ್ತದ!"

ಸೊಸಿ ಮಾರಿ ಕುಂಕುಮ ಆತು.

ನನಗ ಗೊತ್ತಾತು. "ಗಂಡನ ಹೆಸರು ಇಟ್ಟೀಯೇನು? ನಾನು ಇದ್ದೀನಿ, ಹೊರಗ ಹುಡುಗಿ ಸೋದರಮಾವ ಕುಂತಾನ, ಹೆಂಗ ಹೇಳಲಿ ಅಂತೀಯೇನು? ಒಡಪು ಹಚ್ಚಿ, ಪದದಾಗ ಹೆಸರು ಕೂಡಿಸಿ ಹೇಳಬೇ, ದೋಷ ಇಲ್ಲ."

"ಅತ್ತಿ, ಅದಲ್ರಿ..."

"ಹೇಳಮ್ಮ, ಹೇಳು" ಅಂದ ಪಡಸಾಲಿಯಿಂದ ಮೀಸಿಮಾವ. "ಹಸರು ಲೈಟ್ ಇರೂತನಕ ಹೇಳು!"

ಕಡೀಕ ತಲಿ ಬಗ್ಗಿಸಿ ಹೇಳಿದ್ಲು: "ಗುಡ್ಡದ ಮ್ಯಾಲ ಗುಬ್ಬಿ ಗೂಡು, ಗೂಡಿನಾಗ ಮುತ್ತು; ಶರಣಪ್ಪನವರ ಹೆಸರು ಹೇಳತೀನಿ, ದೀಪ ಹಚ್ಚೂ ಹೊತ್ತು."

"ವಾಹ್!" ಅಂದ ಮಾವ. ಮ್ಯಾಲಿಂದ ಟಕಟಕ ಒತ್ತೂ ಸಪ್ಪಳ. ಆಮ್ಯಾಲ ಕೂಗು, "ತಪ್ಪು ಅನ್ನಾಕತ್ತದ ವೈನೀ! ಅಣ್ಣನ ಹೆಸರು ಒಲ್ಲೆ ಅಂತದ!"

ಸೊಸಿ ಕಣ್ಣಾಗ ನೀರು. ಬೋರ್ಡಿನ ಕಡಿ ನೋಡಿದ್ಲು, ನನ್ನ ಕಡಿ ನೋಡಿದ್ಲು. ಹತ್ರ ಕರದು, ಕಿವಿಯಾಗ ಹೇಳಿದ್ಲು. ನನ್ನ ಮೊಣಕಾಲು ಪಾವಟಿಗಿ ಏರಂಗಿಲ್ಲ. ಏನು ಮಾಡೂದು? ಪಾವಟಿಗಿ ಬುಡಕ್ಕ ನಿಂತು, ಸೊಂಟದ ಮ್ಯಾಲ ಕೈಯಿಟ್ಟು, ಇದ್ದಷ್ಟು ದನೀಲೆ ಒದರಿದೆ:

"ನನ್ನ ಮುದ್ದು ಬದನಿಕಾಯೀ!"

ಯಾದಗಿರಿ ಬಸ್ ಇಳದು ಅದ ಟೈಮಿಗೆ ದೊಡ್ಡ ಮಗ ಬಾಗಿಲಾ ದಾಟ್ಯಾನ. ಕೈಯಾಗಿನ ಚೀಲಾ ಹಂಗ ಜಾರಿ ಬಿತ್ತು. ಮೀಸಿಮಾವನ್ನ ನೋಡಿದ, ನನ್ನ ನೋಡಿದ, ಹೆಂಡತಿ ಖೋಲಿ ಕಡಿ ನೋಡಿದ.

"ಅವ್ವಾ... ಇದು ನಿನಗ ಯಾರು ಹೇಳಿದ್ರು?"

ಮ್ಯಾಲಿಂದ ಸಣ್ಣವ ಚಪ್ಪಾಳಿ ಹೊಡದ, "ತೆರೀತು! ಬಂತು! ಮಾವನ ಹೆಸರು ಸೈತ ಬಂತು!" ಮೀಸಿಮಾವ ನಗಾಕ ಹತ್ತಿದವ ಕಂಬಾ ಹಿಡಕೊಂಡ ನಿಂತ.

ಈಗ ಯಾರು ಏನಾದ್ರು ಅಂತೀರಿ? ಹುಡುಗಿನ್ನ ಮಾವ ಎತಗೊಂಡ ಹಂದರಕ್ಕ ತಂದ, ತಂದು ಇಳಸೂದ ಮರತ. ಪತ್ರಿಕಿಯಾಗ ತನ್ನ ಹೆಸರು ಎಲ್ಲಾರಿಗೂ ತೋರಸಾಕತ್ತಿದ್ದ. ರಿಪೇರಿಯವ ಹೊಸಾ ತೂತು ಕೂಡಿಸಿ, ಅದಕ್ಕ ಮುಚ್ಚಳ ಬಡದು ಹೋದ. ಗೌಡ್ತಿ ತಂದ ಆಡಿನ ಮಾಲಕ ದೋರನಹಳ್ಳಿಯವ, ಆಡು ಒಯ್ಯಾಕ ಬಂದು ಮಗಳ ಪತ್ರಿಕಿ ಬರಸಾಕ ಕೊಟ್ಟು ಹೋದ. ಸಣ್ಣವಗ ಹೆಣ್ಣು ಹುಡಕಾಕತ್ತೀವಿ, ಪಾಸ್‌ವರ್ಡ್ ಏನಿಡಾಕಿ ಅಂತ ಮೊದಲ ಕೇಳತೀವಿ. ಬೋರ್ಡು ಬಾಗಿಲಿಗೆ ಹತ್ತ್ಯದ, ನೀವು ಬರೂ ಮುಂದ ತಲಿಗೆ ಬಡದಿದ್ದು ಅದ. ಸೊಸಿ ಪಾಸ್‌ವರ್ಡ್ ಬದಲಿಸ್ಯಾಳ, ಯಾರಿಗೂ ಹೇಳಂಗಿಲ್ಲ.

ದೊಡ್ಡ ಮಗ? ಚಲೋ ಇದ್ದಾನ. ನಾ ರೊಟ್ಟಿ ಜೋಡಿ ಬದನಿ ಎಣಗಾಯಿ ನೀಡಿದ ದಿವಸ ಮಾತ್ರ ತಾಟು ಎತಗೊಂಡು, ಗ್ವಾಡಿ ಕಡಿ ಮಾರಿ ಮಾಡಿ ಕುಂತು ಉಣ್ಣತಾನ.