ಮೂರು ಸಲವೂ ನಾರ್ಮಲ್ ಎಂದ ಇಸಿಜಿ ಯಂತ್ರಕ್ಕೆ

ಮಾನ್ಯರೇ,

ನಂಜನಗೂಡಿನ ನರ್ಸಿಂಗ್ ಹೋಮೊಂದರ ತುರ್ತು ಕೋಣೆಯ ಮೂಲೆಯಲ್ಲಿ, ಟವೆಲು ಹೊದ್ದು ಗಾಲಿಗಳ ಮೇಲೆ ವಿರಾಜಮಾನರಾಗಿರುವ ತಮ್ಮ ಸನ್ನಿಧಾನಕ್ಕೆ ಹೆಮ್ಮಿಗೆಯ ವ್ಯಾನ್ ಚಾಲಕ ಪುಟ್ಟಸ್ವಾಮಿಯ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದಿಲ್ಲ. ನನ್ನ ವಿಷಯದಲ್ಲಂತೂ ತಮಗೆ ಕ್ಷೇಮ ಬಿಟ್ಟು ಬೇರೇನೂ ಕಂಡಿಲ್ಲ.

ದಿನಾ ಬೆಳಿಗ್ಗೆ ಹೆಮ್ಮಿಗೆ, ಮೂಗೂರು ಕಡೆಯ ಹೆಣ್ಣುಮಕ್ಕಳನ್ನು ತಾಂಡ್ಯದ ಬಟ್ಟೆ ಕಾರ್ಖಾನೆಗೆ ಕರೆದೊಯ್ಯುವವನು ನಾನು. ನಾನು ಹಾರ್ನ್ ಹೊಡೆದರೆ ಲಾರಿಯವರೇ ಪಕ್ಕಕ್ಕೆ ಸರಿಯುತ್ತಾರೆಂಬ ಹೆಸರಿತ್ತು. ಅಂಥವನು ಯುಗಾದಿ ಕಳೆದ ಮೇಲೊಂದು ದಿನ, ಅವರನ್ನೆಲ್ಲ ಇಳಿಸಿ ಗೇಟಿನಾಚೆ ಟೀ ಕುಡಿಯುತ್ತಿದ್ದಾಗ, ಯಾವ ಕಾರಣವೂ ಇಲ್ಲದೆ ಎದೆ ಡಬಡಬ ಹೊಡೆದುಕೊಂಡು, ಕೈ ಜೋಮು ಹಿಡಿದು, ಉಸಿರು ಗಂಟಲಲ್ಲೇ ಸಿಕ್ಕಿಕೊಂಡು, ಲೋಟ ಕೆಳಗೆ ಬಿದ್ದು, ನನ್ನ ಕಥೆ ಮುಗಿಯಿತೆಂದು ನಾನೇ ತೀರ್ಮಾನಿಸಿಬಿಟ್ಟೆ. ಟೀ ಅಂಗಡಿಯವರು ಆಟೋದಲ್ಲಿ ಹಾಕಿಕೊಂಡು ತಮ್ಮ ಬಳಿಗೆ ತಂದರು. ತಾವು ಎದೆಗೆ ತಣ್ಣನೆಯ ಜೆಲ್ಲಿ ಬಳಿಸಿ, ಕೈಕಾಲಿಗೆ ಕ್ಲಿಪ್ಪು ಕಚ್ಚಿಸಿ, ಗುಲಾಬಿ ಕಾಗದ ಹೊರಚಾಚಿ ನಾರ್ಮಲ್ ಎಂದು ಅಪ್ಪಣೆ ಕೊಡಿಸಿದಿರಿ.

ಮತ್ತೆ ಬಂತು, ಮತ್ತೆ ನಾರ್ಮಲ್. ಮೂರನೆಯ ಸಲ ನರ್ಸಮ್ಮ ನನ್ನನ್ನು ಕಂಡವರೇ, "ಬಂದ್ರಾ ಅಣ್ಣ, ಶರ್ಟ್ ಬಿಚ್ಚಿ" ಎಂದರು. ಡಾಕ್ಟರು ತಾವು ಕೊಟ್ಟ ಕಾಗದವನ್ನೇ ಎತ್ತಿಹಿಡಿದು, "ಹಾರ್ಟ್ ಗುಂಡುಕಲ್ಲಿನ ಹಾಗಿದೆ. ಇದು ಪ್ಯಾನಿಕ್ ಅಟ್ಯಾಕ್, ಭಯದ ಕಾಯಿಲೆ. ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರ್ತಾರೆ, ತೋರಿಸಿ" ಎಂದು ಕಳುಹಿಸಿದರು.

ಮಾನ್ಯರೇ, ತಮಗೆ ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲ. ಒಬ್ಬನನ್ನು ಆಸ್ಪತ್ರೆಗೆ ಕರೆದೊಯ್ದರೆಂದು ತಿಳಿದರೆ ನೆಂಟರಿಷ್ಟರೆಲ್ಲ ನೋಡಲು ಬರುತ್ತಾರೆ, ಬರಿಗೈಯಲ್ಲಿ ಬರುವುದಿಲ್ಲ. ಮನೆಯಲ್ಲಿ ನನ್ನ ಮಂಚದ ಪಕ್ಕ ಬ್ರೆಡ್ಡು, ಮೂಸಂಬಿಗಳ ಅಂಗಡಿಯೇ ಎದ್ದಿತ್ತು. ನಮ್ಮ ದೊಡ್ಡಪ್ಪನ ಅಳಿಯ ಬೆಟ್ಟಸ್ವಾಮಿ ಭಾವ, ಗದರಿದರೆ ಎತ್ತು ನಿಲ್ಲುವಂಥ ಆಸಾಮಿ, ಮೂಗೂರಿನಿಂದ ಎಳನೀರಿನ ಗೊನೆಯನ್ನೇ ಬೈಕಿಗೆ ಕಟ್ಟಿಕೊಂಡು ಬಂದು, "ಏನಂದ್ರುಲಾ ಡಾಕ್ಟ್ರು?" ಎಂದು ಕೇಳಿದಾಗ, ಭಯವಂತೆ ಎಂದು ಯಾವ ಬಾಯಲ್ಲಿ ಹೇಳಲಿ? "ಎರಡು ಕಡೆ ಬ್ಲಾಕಂತೆ ಭಾವ" ಎಂದು ಬಂದುಬಿಟ್ಟಿತು. ಅವರು ಎದ್ದು ನಿಂತು, ಫ್ಯಾನು ಜೋರು ಮಾಡಿದರು. ನಾಚಿಕೆಯಾಯಿತು, ಸುಖವೂ ಆಯಿತು.

ಆಮೇಲಿನದೆಲ್ಲ ತಮ್ಮದೇ ಕೃಪೆ. ನನ್ನ ಹೆಂಡತಿ ಕೆಂಪಾಜಮ್ಮ ಸಾರಿಗೆ ಉಪ್ಪು ನಿಲ್ಲಿಸಿದಳು, ಮಟನ್ನಿಗೆ ಮನೆಯ ಬಾಗಿಲೇ ಮುಚ್ಚಿತು. ಸುದ್ದಿ ವ್ಯಾನಿನ ಕಂಟ್ರಾಕ್ಟರ್ ಕಿವಿಗೂ ಬಿದ್ದು, "ಹಾರ್ಟ್ ಪೇಸೆಂಟ್ ಕೈಗೆ ಎಣ್ಮಕ್ಳ ಗಾಡಿ ಕೊಡಕ್ಕಾದದಾ?" ಎಂದು ಕೀ ಕಿತ್ತುಕೊಂಡರು. ಹೃದಯರೋಗವೆಂದರೆ ಗಾಡಿಯಿಲ್ಲ, ಭಯವೆಂದರೆ ಮುಖವಿಲ್ಲ. ಸ್ಟೇರಿಂಗ್ ಬಿಟ್ಟು ನನಗೆ ಬೇರೆ ವಿದ್ಯೆಯೂ ಇಲ್ಲ.

ಒಂದೇ ಒಂದು ಗೆರೆಯನ್ನು ಸೊಟ್ಟಗೆ ಎಳೆದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಅಷ್ಟು ನಿಷ್ಠೆ ತಮ್ಮದಾದರೆ ನನ್ನದೊಂದು ಸಣ್ಣ ವಿನಂತಿಯಿದೆ. ಮುಂದಿನ ದಿನಗಳಲ್ಲಿ ನಾರ್ಮಲ್ ಎಂಬುದರ ಕೆಳಗೆ, "ಆದರೆ ಈ ಮನುಷ್ಯ ನಾಟಕ ಮಾಡುತ್ತಿಲ್ಲ, ಇವನಿಗೆ ನಿಜಕ್ಕೂ ಸತ್ತಂತೆಯೇ ಆಗಿತ್ತು" ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಮುದ್ರಿಸಿ, ನೋಡಲು ಬರುವವರಿಗೆಲ್ಲ ಒಂದೊಂದು ಪ್ರತಿ ಹಂಚುವ ವ್ಯವಸ್ಥೆ ಮಾಡಬೇಕು.

ಕೊನೆಗೆ ಬೇರೆ ದಾರಿ ಕಾಣದೆ, ಮುಖಕ್ಕೆ ಟವೆಲು ಸುತ್ತಿಕೊಂಡು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಹೋದೆ. ಬೆಂಚಿನ ತುದಿಯಲ್ಲಿ, ಆ ಬಿರುಬಿಸಿಲಿನಲ್ಲಿ, ಮಂಕಿಕ್ಯಾಪ್ ಹಾಕಿಕೊಂಡವರೊಬ್ಬರು ಕೂತಿದ್ದರು. ನೋಡಿದರೆ ಬೆಟ್ಟಸ್ವಾಮಿ ಭಾವ.

"ನೀನ್ಯಾಕ್ಲಾ ಇಲ್ಲಿ?"

"ಹಾರ್ಟು ಭಾವ. ನೀವು?"

"ನಂದೂ ಆರ್ಟೇ ಕಣ್ಲಾ."

ಮನೋವೈದ್ಯರ ಬಾಗಿಲಲ್ಲಿ ಇಬ್ಬರು ಹೃದ್ರೋಗಿಗಳು ಗೋಡೆ ನೋಡುತ್ತ ಕೂತೆವು. ಕೊನೆಗೆ ಅವರೇ ಕ್ಯಾಪು ತೆಗೆದು, "ನಮ್ಮವ್ವ ತೀರೋದಾಗಿಂದ ಇಂಗೇ ಕಣ್ಲಾ, ಯಾರ್ಗೂ ಯೋಳಿಲ್ಲ" ಎಂದರು. ನಾನೂ ಟವೆಲು ತೆಗೆದೆ.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಅದು ಕೊಲ್ಲುವುದಿಲ್ಲ, ಏರಿ ಇಳಿದುಹೋಗುತ್ತದೆ, ಬಂದರೆ ಗಾಡಿ ಪಕ್ಕಕ್ಕೆ ಹಾಕಿ ಉಸಿರನ್ನು ನಿಧಾನವಾಗಿ, ಉದ್ದವಾಗಿ ಹೊರಬಿಡಿ, ಜೊತೆಯಲ್ಲಿರುವವರಿಗೆ ಮೊದಲೇ ಹೇಳಿಡಿ ಎಂದರು. ಮಾತ್ರೆ ನುಂಗಿದೆ, ಕರೆದಾಗಲೆಲ್ಲ ಹೋದೆ. ಗಾಡಿ ಓಡಿಸಬಹುದೆಂದು ಅವರು ಬರೆದುಕೊಟ್ಟ ಚೀಟಿಯನ್ನೂ ತಮ್ಮ ಮೂರು ನಾರ್ಮಲ್‌ಗಳನ್ನೂ ಕಂಟ್ರಾಕ್ಟರ್ ಮುಂದೆ ಹಿಡಿದು, ಬ್ಲಾಕು ಸುಳ್ಳೆಂದು ಒಪ್ಪಿಕೊಂಡು ಕೀ ವಾಪಸು ಪಡೆದೆ. ಜೊತೆಯವರಿಗೆ ಹೇಳುವ ಕೆಲಸ ಮಾತ್ರ ಮಾತ್ರೆಗಿಂತ ಕಹಿಯಾಗಿತ್ತು. ವ್ಯಾನಿನ ಬಾಗಿಲು ಹಿಡಿದು ನಿಂತು, ನೆಲ ನೋಡುತ್ತ ಎಲ್ಲವನ್ನೂ ಹೇಳಿದೆ.

ಮುಂದಿನ ಸೀಟಿನಲ್ಲಿ ಕೂತು ದಿನಾ ನನ್ನ ಡ್ರೈವಿಂಗಿಗೆ ತಪ್ಪು ಹುಡುಕುವ ಚನ್ನಾಜಮ್ಮ, "ಅಷ್ಟೇಯಾ? ನೀನು ಸತ್ತೇ ಓಯ್ತೀಯ ಅಂತ ಎದ್ರುಕೊಂಡಿದ್ದೋ. ಬಂದ್ರೆ ನಿಲ್ಸು, ನಾವ್ಯಾರೂ ಇಳ್ದೋಗಲ್ಲ" ಎಂದಳು.

ಮೊನ್ನೆ ಬಂತು. ತಾಂಡ್ಯದ ಗೇಟು ಇನ್ನೇನು ಸಿಗಬೇಕು, ಅದೇ ಡಬಡಬ. ಗಾಡಿ ಪಕ್ಕಕ್ಕೆ ಹಾಕಿದೆ. "ಉಸ್ರು ಬುಡು" ಎಂದು ಚನ್ನಾಜಮ್ಮ ಅಪ್ಪಣೆ ಮಾಡಿ ತಾನೂ ಬಿಟ್ಟಳು. ಅವಳ ಹಿಂದೆ ಒಬ್ಬೊಬ್ಬರೇ ಸೇರಿ, ಇಡೀ ವ್ಯಾನು ಉಸ್ಸ್ ಎಂದು ಉಸಿರು ಬಿಡತೊಡಗಿತು. ಗೇಟಿನ ಸೆಕ್ಯುರಿಟಿ ಸಿದ್ದಯ್ಯ ಟೈರು ಪಂಕ್ಚರ್ ಆಯಿತೆಂದು ಓಡಿಬಂದು, ಬಗ್ಗಿ ನಾಲ್ಕೂ ಚಕ್ರ ಒತ್ತಿ ನೋಡಿ, "ಎಲ್ಲಾ ನಾರ್ಮಲ್ಲಾಗದೆ, ಓಗಿ ಸಾ" ಎಂದರು.

ಮಾನ್ಯರೇ, ತಮ್ಮ ಬಾಯಿಂದ ಮೂರು ಸಲ ಕೇಳಿಯೂ ನಂಬದಿದ್ದ ಆ ಮಾತನ್ನು ಅವತ್ತು ನಂಬಿದೆ.

ಇಂತಿ ತಮ್ಮ ವಿಶ್ವಾಸಿ,
ಪುಟ್ಟಸ್ವಾಮಿ, ಹೆಮ್ಮಿಗೆ

ಮರೆತಿದ್ದ ಮಾತು: ಬ್ಲಾಕು ಸುಳ್ಳೆಂದು ತಿಳಿದ ಮೇಲೂ ಕೆಂಪಾಜಮ್ಮ, ಸುಳ್ಳು ಹೇಳಿದ ಬಾಯಿಗೆ ಉಪ್ಪು ಯಾಕೆ ಎಂದು ಸಪ್ಪೆ ಸಾರನ್ನೇ ಬಡಿಸುತ್ತಿದ್ದಾಳೆ. ಅವಳ ಕೋಪಕ್ಕೂ ತಾವೊಮ್ಮೆ ಕ್ಲಿಪ್ಪು ಹಾಕಿ ನೋಡಬೇಕು. ಅದನ್ನೂ ನಾರ್ಮಲ್ ಎಂದರೆ ತಮ್ಮನ್ನು ಗುಜರಿಗೆ ಹಾಕಿಸುವುದು ನನ್ನ ಹೊಣೆ.